18ಕ್ಕೆ ಹಾಕಿದ ಮೊದಲ ವೋಟು ನಿಜವಾಗಿ ನಿಮ್ಮದೇ ಆಗಿತ್ತಾ? 1989ರಲ್ಲಿ ಹಾಕಿದವರು ಯಾರಾದರೂ ಇದ್ದೀರಾ?

ಚಿಂತಾಮಣಿ ಕಡೆಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಜಿಲ್ಲೆ ಚಿಕ್ಕಬಳ್ಳಾಪುರ, ಲೋಕಸಭೆಗೆ ಮಾತ್ರ ಕೋಲಾರ ಕ್ಷೇತ್ರ. ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಬಿ.ಕಾಂ ಓದುತ್ತಿದ್ದೇನೆ. ಮನೆಯಲ್ಲಿ ಒಂದು ಜಗಳ ಮುಗಿಯುತ್ತಲೇ ಇಲ್ಲ. ಅದನ್ನು ನಿಮ್ಮ ಮುಂದೆ ಇಡೋಣ ಅಂತ ಬಂದೆ.

ನನ್ನ ತಮ್ಮ ಚಿಂತಾಮಣಿಯಲ್ಲಿ ಪಿಯುಸಿ. ವಯಸ್ಸು 16. ಬ್ರಿಟನ್ ಸರ್ಕಾರ 16 ವರ್ಷಕ್ಕೇ ವೋಟು ಕೊಡುತ್ತೇವೆ ಅಂತ 2025ರ ಜುಲೈನಲ್ಲಿ ಹೇಳಿತಲ್ಲ, ಅದನ್ನು ಯಾವುದೋ ರೀಲ್ಸ್‌ನಲ್ಲಿ ನೋಡಿದ್ದಾನೆ. ಅವತ್ತಿನಿಂದ ಊಟಕ್ಕೆ ಕೂತರೆ ಅದೇ ಮಾತು. "ಅಲ್ಲಿನ ಹುಡುಗರಿಗೆ ಇರೋ ಬುದ್ಧಿ ನಮಗಿಲ್ವಾ?" ಅಂತಾನೆ. ತಾತ ಮುದ್ದೆ ಮುರಿಯುತ್ತಾ ಒಂದೇ ಏಟಿಗೆ ಮುಗಿಸುತ್ತಾರೆ. "18ಕ್ಕೆ ಕೊಟ್ಟಿದ್ದೇ ಜಾಸ್ತಿ ಆಯ್ತು. ನಮ್ಮ ಕಾಲಕ್ಕೆ 21. ನೇಗಿಲು ಹಿಡಿಯೋಕೆ ಬಂದ ಮೇಲೆ ವೋಟು." ಅಪ್ಪ ಯಾರ ಕಡೆಗೂ ಇಲ್ಲ. ಅಮ್ಮನನ್ನು ಯಾರೂ ಕೇಳಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಹುಟ್ಟಿದ್ದು 2006ರ ಮಾರ್ಚ್‌ನಲ್ಲಿ. ಕೋಲಾರಕ್ಕೆ ಚುನಾವಣೆ ನಡೆದದ್ದು 2024ರ ಏಪ್ರಿಲ್ 26ಕ್ಕೆ. ಅಂದರೆ 18 ತುಂಬಿ ಸುಮಾರು ಒಂದು ತಿಂಗಳು ಅಷ್ಟೇ. ಹಳೇ ನಿಯಮ ಇದ್ದಿದ್ದರೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ನನಗೆ ಅವಕಾಶವೇ ಇರುತ್ತಿರಲಿಲ್ಲ. 2021ರಲ್ಲಿ ಕಾಯ್ದೆ ಬದಲಾಯಿಸಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ವರ್ಷಕ್ಕೆ ನಾಲ್ಕು ತಾರೀಕು ಮಾಡಿದ್ದರಿಂದ ನಾನು ಒಳಗೆ ಬಂದೆ. ಕಾಲೇಜಿನಲ್ಲಿ ಮೊದಲೇ ಅರ್ಜಿ ತುಂಬಿಸಿಕೊಂಡಿದ್ದರು. ನನ್ನ ಕ್ಲಾಸಿನಲ್ಲೇ ಮೇ ತಿಂಗಳಲ್ಲಿ ಹುಟ್ಟಿದ ಒಬ್ಬಳಿದ್ದಳು, ಪಾಪ, ಅವಳ ಸರದಿ ಬರೋ ಹೊತ್ತಿಗೆ ಚುನಾವಣೆಯೇ ಮುಗಿದಿತ್ತು.

ಚುನಾವಣೆಗೆ ಕೆಲವು ದಿನ ಮೊದಲು ಊರಿನ ಒಬ್ಬರು ಮನೆಗೆ ಬಂದರು. ಜಗಲಿ ಮೇಲೆ ಕೂತು ಕಾಫಿ ಕುಡಿದು ಅಪ್ಪನಿಗೆ ಹೇಳಿದರು, "ಈ ಸಲ ನಿಮ್ಮನೇದು ಆರು, ಅಲ್ವಾ?" ಮೊದಲು ಐದಿತ್ತು. ಆರನೆಯದು ನಾನು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ "ಹೂಂ, ಆರು" ಅಂದರು. ಯಾರಿಗೆ ಹಾಕುತ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಯಾಕೆಂದರೆ ಅದು ಮನೆ ವೋಟು. ಮನೆ ಹಿರಿಯರು ಹೇಳಿದ ಮೇಲೆ ಹೇಳಿದಂಗೆ.

ಆಮೇಲೆ ನಮ್ಮೂರ ಶಾಲೆಯಲ್ಲಿ ಕ್ಯೂ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು, ರಟ್ಟಿನ ಮರೆ ಹಿಂದೆ ಹೋದೆ. ಗುಂಡಿ ಒತ್ತಿದೆ. ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಚೀಟಿ ಕಾಣಿಸಿತು. ನಾನು ಆರಿಸಿದ ಗುರುತೇ. ಆಮೇಲೆ ಚೀಟಿ ಕೆಳಗೆ ಬಿತ್ತು. ಆಚೆ ಬಂದಾಗ ಅಪ್ಪ ಕೇಳಿದರು, "ಸರಿಯಾಗಿ ಒತ್ತಿದ್ಯಾ?" ನಾನು "ಹೂಂ, ಸರಿಯಾಗೇ ಒತ್ತಿದೆ" ಅಂದೆ. ಸುಳ್ಳೇನೂ ಹೇಳಲಿಲ್ಲ, ಅಲ್ವಾ?

ಈಗ ತಮ್ಮನ ವಾದ. ಅವನು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಸಂಜೆ ಬಸ್ಸಿನ ಬಗ್ಗೆ ಕೇಳಿದ್ದ. ಚಿಂತಾಮಣಿಯಿಂದ ಸಂಜೆ ಬರೋ ಬಸ್ಸು ತುಂಬಿ ತುಳುಕುತ್ತೆ, ನಮ್ಮ ಸ್ಟಾಪಿನಲ್ಲಿ ಎಷ್ಟೋ ದಿನ ನಿಲ್ಲಿಸಲ್ಲ. ಪಿಡಿಒ ಸಾಹೇಬರು ಬರೆದುಕೊಂಡರು. "ಡಿಪೋಗೆ ಪತ್ರ ಹಾಕ್ತೀವಿ" ಅಂದರು. ಬಸ್ಸು ಇವತ್ತಿಗೂ ಹಾಗೇ ಇದೆ. ಅವನು ಹೇಳೋದು ಇಷ್ಟು: "ನಮ್ಮ ಹತ್ರ ವೋಟಿಲ್ಲ, ಅದಕ್ಕೇ ಬರೆದುಕೊಂಡು ಸುಮ್ನಾಗ್ತಾರೆ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ 16ಕ್ಕೆ ವೋಟು ಬಂದರೆ ನಮ್ಮನೆ ಆರು ಹೋಗಿ ಏಳಾಗುತ್ತೆ ಅಷ್ಟೇನಾ ಅಂತಲೂ ಅನಿಸುತ್ತೆ.

ಅದಕ್ಕೇ ಕೇಳುತ್ತಿದ್ದೇನೆ. 1989ರಲ್ಲಿ ವೋಟಿನ ವಯಸ್ಸು 21 ಇದ್ದದ್ದು 18ಕ್ಕೆ ಇಳಿದಾಗ ಮೊದಲ ಸಲ ಹಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ. ಆಗಲೂ ಮನೆಯವರು ನಮ್ಮ ತಾತನ ಥರಾನೇ ಮಾತಾಡುತ್ತಿದ್ದರಾ? ನಿಮ್ಮ ವೋಟು ನಿಮ್ಮದೇ ಆಗಿತ್ತಾ? ಯಾವ ಪಕ್ಷಕ್ಕೆ ಹಾಕಿದಿರಿ ಅಂತ ದಯವಿಟ್ಟು ಬರೆಯಬೇಡಿ. ಜಗಳ ಮನೆಯಲ್ಲೇ ಸಾಕಷ್ಟಿದೆ.

ಶಿಡ್ಲಘಟ್ಟ ಗೂಡು:

ನಾನಿದ್ದೇನಮ್ಮ. 1970ರಲ್ಲಿ ಹುಟ್ಟಿದವನು. ಟಿಸಿಯಲ್ಲಿ ಜೂನ್ 1 ಅಂತಿದೆ. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಹುಡುಗರು ಜೂನ್ 1ಕ್ಕೇ ಹುಟ್ಟಿದವರು, ಮೇಷ್ಟ್ರ ಕೃಪೆ. ಹಾಗಾಗಿ 18 ಯಾವತ್ತು ತುಂಬಿತು ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ಸರ್ಕಾರಕ್ಕೆ ಗೊತ್ತು.

ಮೊದಲು ಕಾನೂನಿನ ವಿಷಯ ಮುಗಿಸಿಬಿಡುತ್ತೇನೆ. ವಯಸ್ಸು 18ಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ. 1988ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದವರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ್, ಆಗ ರಾಜೀವ್ ಗಾಂಧಿ ಸರ್ಕಾರದಲ್ಲಿ ಮಂತ್ರಿ. ಜಾರಿಗೆ ಬಂದದ್ದು 1989ರ ಮಾರ್ಚ್ 28ಕ್ಕೆ. ಅದೇ ಏಪ್ರಿಲ್‌ನಲ್ಲಿ ಇಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಡಳಿತ ಬಂತು. ಹಾಗಾಗಿ ನವೆಂಬರ್‌ನಲ್ಲಿ ನಮಗೆ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ. ಮೊದಲ ವೋಟೇ ಡಬಲ್. ಆಗ ಚಿಕ್ಕಬಳ್ಳಾಪುರ ಜಿಲ್ಲೆ ಇರಲಿಲ್ಲ, 2007ರ ತನಕ ನಾವೆಲ್ಲ ಕೋಲಾರ ಜಿಲ್ಲೆಯೇ.

ನಿಮ್ಮ ತಾತ ಹೇಳೋದನ್ನೇ ಆಗ ಊರೆಲ್ಲ ಹೇಳುತ್ತಿತ್ತು. "ಚಡ್ಡಿ ಹಾಕೋ ಹುಡುಗರಿಗೆಲ್ಲ ವೋಟಂತೆ" ಅಂತ ಅರಳಿಕಟ್ಟೆಯಲ್ಲಿ ನಗಾಡುತ್ತಿದ್ದರು. ತಮಾಷೆ ಅಂದರೆ, ಹಾಗೆ ನಗುತ್ತಿದ್ದವರೇ ನಮ್ಮನ್ನು 12ನೇ ವಯಸ್ಸಿಗೇ ಶಾಲೆ ಬಿಡಿಸಿ ರೇಷ್ಮೆ ಹುಳ ಸಾಕೋ ಮನೆಗೆ ಹಾಕಿದ್ದವರು. ಸೊಪ್ಪು ಹೊರೋಕೆ, ರಾತ್ರಿ ಎದ್ದು ಸೊಪ್ಪು ಕೊಡೋಕೆ, ಗೂಡು ತಗೊಂಡು ಮಾರುಕಟ್ಟೆಗೆ ಹೋಗಿ ದಲ್ಲಾಳಿ ಜೊತೆ ಜಗಳ ಆಡೋಕೆ ವಯಸ್ಸು ಸಾಕಿತ್ತು. ಸೀಲು ಒತ್ತೋಕೆ ಮಾತ್ರ ಸಾಲದು.

ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನ ವೋಟು ನನ್ನದೇ ಆಗಿತ್ತು. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ಹುಳದ ಕೃಪೆ. ಚುನಾವಣೆ ದಿನ ಬೆಳಿಗ್ಗೆಗೆ ಸರಿಯಾಗಿ ಹುಳ ಹಣ್ಣಾಗಿಬಿಟ್ಟವು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು. ಹುಳ ಹಣ್ಣಾದರೆ, ಅಂದರೆ ಗೂಡು ಕಟ್ಟೋಕೆ ತಯಾರಾದರೆ, ಕೂಡಲೇ ಆರಿಸಿ ಗೂಡು ಕಟ್ಟೋ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಂಕಿಗೆ ಬಿಡಬೇಕು. ತಡ ಮಾಡಿದರೆ ಸೊಪ್ಪು ತಿನ್ನೋ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಎಲ್ಲರೂ ಒಟ್ಟಿಗೆ ಮನೆ ಬಿಡೋ ಹಾಗೇ ಇಲ್ಲ. ಅಪ್ಪನ ಪ್ಲಾನು ಏನಿತ್ತು ಅಂದರೆ, ಮನೆಯವರನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ, ಬೂತ್ ಮುಂದೆ ಟೇಬಲ್ ಹಾಕಿ ಕೂತಿದ್ದ ತನ್ನ ದೋಸ್ತಿಗೆ ತೋರಿಸಿ, ಆಮೇಲೆ ಒಳಗೆ ಕಳಿಸೋದು. ಹುಳ ಅದನ್ನು ಕೆಡಿಸಿದವು. "ನೀನು ಮೊದ್ಲು ಓಡಿ ಹೋಗಿ ಹಾಕಿ ಬಾ, ಆಮೇಲೆ ನಾವು ಒಬ್ಬೊಬ್ರೇ ಹೋಗ್ತೀವಿ" ಅಂದರು. ನಾನು ಕೈ ತೊಳೆದುಕೊಂಡು ಒಬ್ಬನೇ ಹೋದೆ. ದಾರಿಯಲ್ಲಿ ಯಾರೂ ಜೊತೆಗಿಲ್ಲ. ಆ ದಾರಿಯಲ್ಲೇ ನಾನು ನಿರ್ಧಾರ ಮಾಡಿದ್ದು. ಅಲ್ಲಿ ತನಕ ಯೋಚನೆಯೇ ಮಾಡಿರಲಿಲ್ಲ, ನಿಜ ಹೇಳಬೇಕು ಅಂದರೆ.

ಒಳಗೆ ಹೋದರೆ ಒಂದು ರಗಳೆ. ಆಗ ಫೋಟೋ ಇರೋ ಗುರುತಿನ ಚೀಟಿ ಎಲ್ಲ ಇರಲಿಲ್ಲ, ಅವೆಲ್ಲ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲಕ್ಕೆ ಬಂದವು. ಪಟ್ಟಿಯಲ್ಲಿ ಹೆಸರು ಓದುತ್ತಾರೆ, ಏಜೆಂಟರು ಹೌದು ಅಂದರೆ ಹೌದು. ಒಬ್ಬ ಏಜೆಂಟು ಎದ್ದು "ಇದು ಇವನ ಹೆಸರಲ್ಲ, ಇವರ ಅಣ್ಣಂದು, ಇವನಿನ್ನೂ ಹುಡುಗ" ಅಂದ. ನನಗೆ ಅಣ್ಣನೇ ಇಲ್ಲ! ಅಧಿಕಾರಿ ತಲೆ ಎತ್ತದೇ ಹೇಳಿದರು, "ತಕರಾರು ಇದ್ದರೆ ಎರಡು ರೂಪಾಯಿ ಕಟ್ಟಿ, ವಿಚಾರಣೆ ಮಾಡ್ತೀನಿ." ನಿಯಮ ಹಾಗಿದೆ. ತಕರಾರು ಸುಳ್ಳು ಅಂತ ಆದರೆ ದುಡ್ಡು ವಾಪಸ್ ಬರದೇ ಹೋಗಬಹುದು. ಆ ಮನುಷ್ಯ ಎರಡು ರೂಪಾಯಿ ಮುಖ ನೋಡಿ ಕೂತುಬಿಟ್ಟ.

ಆಮೇಲೆ ಎರಡು ಕಾಗದ, ಒಂದು ಸೀಲು. ಮಡಿಸುವಾಗ ಹುಷಾರಾಗಿರಬೇಕಿತ್ತು. ಅಡ್ಡಾದಿಡ್ಡಿ ಮಡಿಸಿದರೆ ಶಾಯಿ ಇನ್ನೊಂದು ಗುರುತಿನ ಮೇಲೆ ಅಂಟಿಕೊಂಡು, ವೋಟು ಯಾರಿಗೆ ಅಂತಲೇ ಗೊತ್ತಾಗದೆ ಕುಲಗೆಟ್ಟು ಹೋಗುವ ಭಯ. ನಾನು ಸೀಲಿನ ಮೇಲೆ ಊದಿ ಊದಿ ಒಣಗಿಸಿ ಮಡಿಸಿದೆ. ಹೊರಗಡೆಯಿಂದ "ಏನಪ್ಪಾ ಒಳಗೇ ಮಲಗಿದ್ಯಾ?" ಅಂತ ಕೂಗಿದರು.

ಫಲಿತಾಂಶ ನಿಮಗೆ ಗೊತ್ತಿರಬಹುದು. ಕರ್ನಾಟಕದಲ್ಲಿ 28ರಲ್ಲಿ 27 ಲೋಕಸಭಾ ಸೀಟು ಕಾಂಗ್ರೆಸ್ಸಿಗೆ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ದೆಹಲಿಯಲ್ಲಿ ಮಾತ್ರ ನಮಗೆ ವೋಟು ಕೊಟ್ಟ ರಾಜೀವ್ ಗಾಂಧಿಯೇ ಅಧಿಕಾರ ಕಳೆದುಕೊಂಡರು. 1984ರಲ್ಲಿ ಸುಮಾರು 38 ಕೋಟಿ ಇದ್ದ ಮತದಾರರು 89ಕ್ಕೆ ಹತ್ತಿರ ಹತ್ತಿರ 50 ಕೋಟಿ ಆಗಿದ್ದರು. ಹುಡುಗರು ಋಣ ತೀರಿಸುತ್ತಾರೆ ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಲೆಕ್ಕ ತಪ್ಪಿತು. ಹುಡುಗರು ಅಂದರೆ ಒಂದೇ ಮಂದೆ ಅಂದುಕೊಂಡವರಿಗೆ ಹಾಗೇ ಆಗಬೇಕು.

ಊರಲ್ಲಿ ಏನು ಬದಲಾಯಿತು? ನಮ್ಮ ವಾಲಿಬಾಲ್ ಟೀಮಿಗೆ ಹೊಸ ನೆಟ್ಟು ಬಂತು. ಗಣೇಶನ ಚಂದಾಗೆ ದೊಡ್ಡವರು ತಾವಾಗೇ ಕರೆದು ದುಡ್ಡು ಕೊಟ್ಟರು. ನಮ್ಮ ಕಾಲೋನಿಗೆ ಬೋರು ಬೇಕು ಅಂತ ಕೇಳಿದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

16ರ ಬಗ್ಗೆ ನನ್ನ ಮಾತು: ಎಂಎಲ್ಎ, ಎಂಪಿಗೆ ಬೇಡ. ಗ್ರಾಮ ಪಂಚಾಯ್ತಿಗೆ ಕೊಡಲಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಬೀದಿ ದೀಪ, ನಲ್ಲಿ ನೀರು, ಚರಂಡಿ, ಇದರ ಬಗ್ಗೆ ನಿಮ್ಮ ತಮ್ಮನಿಗೆ ನಿಮ್ಮ ಅಪ್ಪನಿಗಿಂತ ಜಾಸ್ತಿ ಗೊತ್ತಿರುತ್ತೆ.

ಚಿಂತಾಮಣಿ ಕಡೆಯವಳು:

ಅಂಕಲ್, ಹುಳದ ಕಥೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮನ ತವರು ಶಿಡ್ಲಘಟ್ಟ ಕಡೆಯೇ. "ಹೌದು, ಹುಳ ಹಣ್ಣಾದ ದಿನ ನಮ್ಮಪ್ಪ ಮದುವೆಗೂ ಹೋಗ್ತಿರಲಿಲ್ಲ" ಅಂದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಅವರ ಹೆಸರು ತವರಿನ ಪಟ್ಟಿಯಲ್ಲೇ ಇತ್ತಂತೆ. ಹಾಗಾಗಿ ವೋಟೇ ಹಾಕಿರಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಶಿರಾ ಅಂಗನವಾಡಿ ಟೀಚರ್:

ನಿಮ್ಮ ತಾಯಿ ಹೇಳಿದ್ದು ಓದಿ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಸುಮ್ನೆ ಓದಿಕೊಂಡು ಹೋಗುವವಳು ನಾನು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕು. ಅಂಗನವಾಡಿ ಕೆಲಸದ ಜೊತೆಗೆ ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿಯ ಕೆಲಸವೂ ನನ್ನ ತಲೆ ಮೇಲಿದೆ. ಮನೆ ಮನೆಗೆ ಹೋಗಿ ಪಟ್ಟಿ ಸರಿ ಮಾಡೋದು.

ವಯಸ್ಸು 18ಕ್ಕೆ ಇಳಿಸಿದ್ದು ಹುಡುಗರಿಗೆ ಬೇಗ ತಲುಪಿತು. ಹುಡುಗಿಯರಿಗೆ ಇವತ್ತಿಗೂ ಅರ್ಧಂಬರ್ಧ. ನಾನು ಮನೆಗೆ ಹೋಗಿ "ನಿಮ್ಮ ಮಗಳಿಗೆ 18 ಆಯ್ತಲ್ಲ, ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ತುಂಬಿಸಿ" ಅಂದರೆ ಏನಂತಾರೆ ಗೊತ್ತಾ? "ಇನ್ನೇನು ಮದುವೆ ಮಾಡ್ತೀವಿ ಮೇಡಂ, ಗಂಡನ ಮನೇಲೇ ಸೇರಿಸ್ಕೊಳ್ಳಲಿ ಬಿಡಿ." ಗಂಡನ ಮನೆಯಲ್ಲಿ "ಅವರ ತವರಲ್ಲಿ ಇರಬೇಕು, ನೋಡೋಣ" ಅಂತಾರೆ. ಮಧ್ಯೆ ಒಂದೆರಡು ಚುನಾವಣೆ ಹೋಗಿಬಿಡುತ್ತೆ. ಮಗನ ವಿಷಯಕ್ಕೆ ಹೀಗೆ ಯಾರೂ ಹೇಳಲ್ಲ. ಅವನು ತಾನೇ ಬಂದು "ಮೇಡಂ ಕಾರ್ಡು ಯಾವಾಗ ಬರುತ್ತೆ" ಅಂತ ತಲೆ ತಿನ್ನುತ್ತಾನೆ. ಸಿಮ್ಮಿಗೆ ಬೇಕಲ್ಲ!

ನನಗೆ ತುಂಬಾ ಉಪಕಾರ ಆಗಿದ್ದು 17 ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು ಅಂತ 2022ರಲ್ಲಿ ಮಾಡಿದ್ದು. ಈಗ ಪಿಯು ಕಾಲೇಜಿಗೇ ಹೋಗಿ ಕೂರುತ್ತೇವೆ. ಹುಡುಗಿಯರು ಅಲ್ಲಿ ಸಿಗುತ್ತಾರೆ, ಬ್ಯಾಗಿನಲ್ಲಿ ಆಧಾರ್ ಇರುತ್ತೆ, ಮಾರ್ಕ್ಸ್ ಕಾರ್ಡ್ ಇರುತ್ತೆ. ಅಪ್ಪನನ್ನು ಕೇಳಬೇಕಾಗಿಲ್ಲ. ಕಾಲೇಜು ಬಿಟ್ಟರು ಅಂದರೆ ಮುಗಿಯಿತು. ಒಬ್ಬಳು ತುಮಕೂರಿನಲ್ಲಿ ನರ್ಸಿಂಗಿಗೆ, ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸಿಗೆ, ಒಬ್ಬಳು ಮದುವೆಯಾಗಿ ಪಾವಗಡ ಕಡೆಗೆ. ಎಲ್ಲಿ ಅಂತ ಹುಡುಕೋದು?

ಅದಕ್ಕೇ 16ಕ್ಕೆ ವೋಟು ಅಂದರೆ ನನಗೆ ಬೇರೆ ಥರ ಕಾಣುತ್ತೆ. ಬುದ್ಧಿ ಬಂದಿದೆಯಾ ಇಲ್ಲವಾ ಅಂತ ಗಂಡಸರು ಕಟ್ಟೆಯಲ್ಲಿ ಮಾತಾಡಿಕೊಳ್ಳಲಿ. 18 ಅಂದರೆ ಮಕ್ಕಳು ಗೂಡು ಬಿಟ್ಟು ಹಾರೋ ವಯಸ್ಸು. ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. 16ಕ್ಕೆ ಎಲ್ಲರೂ ಊರಲ್ಲೇ, ಶಾಲೆಯಲ್ಲೇ ಇರುತ್ತಾರೆ. ಮೊದಲ ವೋಟು ಊರಲ್ಲೇ ಆಗಿಬಿಟ್ಟರೆ ಎರಡನೆಯದಕ್ಕೆ ಅವರೇ ಕೇಳಿಕೊಂಡು ಬರುತ್ತಾರೆ ಅಂತ ನನ್ನ ಲೆಕ್ಕ. ಕೆಲಸ ನನಗೇ ಜಾಸ್ತಿ ಆಗೋದು, ಆದರೂ ಹೇಳುತ್ತಿದ್ದೇನೆ.

ಮಾಲೂರ್ ಶಿಫ್ಟ್ ಬಾಯ್:

ಎಲ್ಲ ಚೆನ್ನಾಗಿ ಬರೆದಿದ್ದೀರಿ, ನಾನು ಸ್ವಲ್ಪ ಕೆಡಿಸುತ್ತೇನೆ. ಬೇಜಾರಾಗಬೇಡಿ.

ನಾನು ಮಾಲೂರು ಕಡೆಯವನು, ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ. 2023ರ ಮೇನಲ್ಲಿ ನನ್ನ ಮೊದಲ ವೋಟು. ಆದರೆ ನನ್ನ ಮೊದಲ ಚುನಾವಣೆ ಅದಲ್ಲ. 2018ರಲ್ಲಿ ನಾನಿನ್ನೂ ಹೈಸ್ಕೂಲ್. ಆಗಲೇ ಬೈಕ್ ರ್ಯಾಲಿಯಲ್ಲಿ ಹಿಂದೆ ಕೂತು ಬಾವುಟ ಹಿಡಿದಿದ್ದೆ. ಪೆಟ್ರೋಲು ಅವರದು, ಬಿರಿಯಾನಿ ಅವರದು, ಗಂಟಲು ನಮ್ಮದು. ಮಕ್ಕಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ಆಯೋಗದ ನಿಯಮ ಇದೆ ಅಂತ ನನಗೆ ಗೊತ್ತಾಗಿದ್ದು ತುಂಬಾ ಆಮೇಲೆ. ಬೆಳಿಗ್ಗೆ ಒಂದು ಪಕ್ಷದ ಶಾಲು, ಸಂಜೆ ಇನ್ನೊಂದು. ಎರಡೂ ಕಡೆ ಬಿರಿಯಾನಿ ಚೆನ್ನಾಗಿತ್ತು.

ಹಾಗಾಗಿ "16ಕ್ಕೆ ಬುದ್ಧಿ ಇರಲ್ಲ" ಅಂತ ಯಾವ ಲೀಡರ್ ಹೇಳಿದರೂ ನಗು ಬರುತ್ತೆ. ಬುದ್ಧಿ ಇಲ್ಲದ ಹುಡುಗರೇ ಅವರಿಗೆ ಬೇಕಾಗಿರೋದು. ಹಂಗಂತ ವೋಟು ಕೊಟ್ಟರೆ? ಈಗ ಬಿರಿಯಾನಿ ಕೊಡೋರು ಆಗ ಬಿರಿಯಾನಿ ಜೊತೆ ಇನ್ನೇನೋ ಕೊಡುತ್ತಾರೆ. 16ರ ಹುಡುಗ ಒಂದು ಫೋನ್ ರೀಚಾರ್ಜಿಗೆ ಬಗ್ಗುತ್ತಾನೆ. ನಾನು ಬಗ್ಗುತ್ತಿದ್ದೆ.

ವಯಸ್ಸು ಇಳಿಸಬೇಕು ಅಂದರೆ ಆ ತುದಿಯಲ್ಲಿ ಇಳಿಸಿ. ವೋಟು ಹಾಕೋಕೆ 18, ಪಂಚಾಯ್ತಿಗೆ ನಿಲ್ಲೋಕೆ 21, ಎಂಎಲ್ಎಗೆ ನಿಲ್ಲೋಕೆ 25. ಯಾಕೆ? 18ಕ್ಕೆ ಯಾರನ್ನು ಆರಿಸಬೇಕು ಅಂತ ಗೊತ್ತಾಗುತ್ತೆ, ನಿಲ್ಲೋಕೆ ಮಾತ್ರ ಇನ್ನೂ ಏಳು ವರ್ಷ ಬೇಕಾ? ಕಾಂಟ್ರಾಕ್ಟ್ ಕೆಲಸದ ಬಗ್ಗೆ, ರಾತ್ರಿ ಶಿಫ್ಟ್ ಬಸ್ಸಿನ ಬಗ್ಗೆ ಮಾತಾಡೋರು ನಮ್ಮ ವಯಸ್ಸಿನವರು ಒಬ್ಬರಾದರೂ ಸದನದಲ್ಲಿ ಇದ್ದಾರಾ?

ಮತ್ತೆ ಟೀಚರ್ ಮೇಡಂ, ಹುಡುಗರದ್ದೂ ಅದೇ ಕಥೆ. ನನ್ನ ರೂಮಲ್ಲಿ ಪಾವಗಡ, ಮಧುಗಿರಿ, ಬಾಗೇಪಲ್ಲಿ ಹುಡುಗರಿದ್ದಾರೆ. ಚುನಾವಣೆ ದಿನ ರಜೆ ಅಂತ ಬೋರ್ಡಿನಲ್ಲಿ ಹಾಕಿರುತ್ತಾರೆ. ಹಿಂದಿನ ರಾತ್ರಿ ಶಿಫ್ಟ್ ಮುಗಿಸಿ, ಬಸ್ಸು ಹಿಡಿದು, ವೋಟು ಹಾಕಿ, ಮಾರನೇ ಬೆಳಿಗ್ಗೆ ಶಿಫ್ಟಿಗೆ ವಾಪಸ್ ಬರಬೇಕು. ಪಾವಗಡದವನು ಮಲಗಿಬಿಟ್ಟ. ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ.

ನಂದಿ ತಪ್ಪಲು:

ಚಿಕ್ಕಬಳ್ಳಾಪುರದವನು, ಈಗ ಹಲವು ವರ್ಷದಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇದ್ದೇನೆ. ತಮ್ಮ ಕೇಳಿದ ಬ್ರಿಟನ್ ವಿಷಯ ನನ್ನ ಮನೆಯಲ್ಲೇ ನಡೆದಿದೆ.

ಇಲ್ಲಿ ಒಂದು ವಿಚಿತ್ರ ಇದೆ. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆ ಆಗಬೇಕಾ ಅಂತ ಕೇಳಿದ 2014ರ ಜನಮತ ಸಂಗ್ರಹಕ್ಕೆ ಮೊದಲ ಸಲ 16ರವರಿಗೆ ವೋಟು ಕೊಟ್ಟರು. ಆ ಸಲ ಒಟ್ಟು ಮತದಾನ ಶೇ 84 ದಾಟಿತು. ಆಮೇಲೆ ಸ್ಕಾಟ್ಲೆಂಡಿನ ಸಂಸತ್ತಿಗೆ, ಇಲ್ಲಿನ ಕೌನ್ಸಿಲ್‌ಗಳಿಗೆ 16 ಅಂತ ಕಾನೂನೇ ಮಾಡಿದರು. ಇಡೀ ಬ್ರಿಟನ್ನಿನ ಲಂಡನ್ ಸಂಸತ್ತಿಗೆ ಮಾತ್ರ 18 ಹಾಗೇ ಇತ್ತು. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ವಾಸ ಇರೋ ನಾವು ವೋಟು ಹಾಕಬಹುದು, ಕಾಮನ್‌ವೆಲ್ತ್ ದೇಶದವರು ಅನ್ನೋ ಲೆಕ್ಕದಲ್ಲಿ.

ನನ್ನ ಮಗಳು 2021ರ ಮೇನಲ್ಲಿ ಸ್ಕಾಟ್ಲೆಂಡ್ ಸಂಸತ್ತಿಗೆ 16ರಲ್ಲೇ ವೋಟು ಹಾಕಿದಳು. ಮಗನಿಗೆ 16 ಆದಾಗ ಬಂದದ್ದು 2024ರ ಜುಲೈನ ಲಂಡನ್ ಸಂಸತ್ತಿನ ಚುನಾವಣೆ. ಅವನು ಮನೆಯಲ್ಲೇ ಕೂತ. ಅಕ್ಕ ಅದೇ ವಯಸ್ಸಿಗೆ ಬುದ್ಧಿವಂತೆ, ನಾನು ದಡ್ಡನಾ ಅಂತ ಅವತ್ತು ಇಡೀ ದಿನ ಮುಖ ಊದಿಸಿಕೊಂಡಿದ್ದ. ಅವನನ್ನು ಏನು ಹೇಳಿ ಸಮಾಧಾನ ಮಾಡೋದು?

ಮನೆ ವೋಟಿನ ವಿಷಯ. ಮಗಳು ಯಾರಿಗೆ ಹಾಕಿದಳು ಅಂತ ನನಗೆ ಗೊತ್ತಿಲ್ಲ. ನಾನು ಚಿಕ್ಕಬಳ್ಳಾಪುರದ ಅಪ್ಪನ ಥರ ಕೇಳಿದೆ. "ಅದು ಕೇಳೋ ಪ್ರಶ್ನೆ ಅಲ್ಲ ಅಪ್ಪಾ" ಅಂದಳು. ಅದನ್ನು ಅವಳಿಗೆ ಹೇಳಿಕೊಟ್ಟಿದ್ದು ಶಾಲೆ. ಕ್ಲಾಸಿನಲ್ಲಿ ಎಲ್ಲ ಪಕ್ಷದ ಪ್ರಣಾಳಿಕೆ ಇಟ್ಟುಕೊಂಡು ಜಗಳ ಆಡಿಸಿದ್ದರಂತೆ. ಅವಳೇ ಉಲ್ಟಾ ಬಂದು ನನ್ನ ಹೆಂಡತಿಗೆ ಯಾವ ಕಾಗದದಲ್ಲಿ ಏನು ಬರೆಯಬೇಕು ಅಂತ ವಿವರಿಸಿದಳು. ಇಲ್ಲಿ ಎರಡು ಮತಪತ್ರ, ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಹಾಕಬೇಕು. ಬೆರಳಿಗೆ ಶಾಯಿ ಇಲ್ಲ, ಅದೊಂದು ನನಗೆ ಬೇಜಾರು. ಆ ಶಾಯಿ ನಮ್ಮ ಮೈಸೂರಿನಲ್ಲಿ ತಯಾರಾಗೋದು ಅಂತ ಇಲ್ಲಿನವರಿಗೆ ಹೇಳಿ ಜಂಬ ಕೊಚ್ಚಿಕೊಳ್ಳುತ್ತಿರುತ್ತೇನೆ.

ಮಾಲೂರಿನವರ ಬಿರಿಯಾನಿ ಮಾತು ಒಪ್ಪುತ್ತೇನೆ. ಆದರೆ ಅದು 45 ವರ್ಷದವರಿಗೂ ಕೊಡುತ್ತಾರಲ್ಲ, ಅವರ ವೋಟು ಕಿತ್ತುಕೊಳ್ಳೋಣ ಅಂತ ಯಾರೂ ಹೇಳಲ್ಲ.

ಶಿಡ್ಲಘಟ್ಟ ಗೂಡು:

ಗ್ಲಾಸ್ಗೋದವರೇ, ನಿಮ್ಮ ಮಗಳು ಹೇಳಿದ ಮಾತನ್ನು ನಾನು 1989ರಲ್ಲಿ ನಮ್ಮಪ್ಪನಿಗೆ ಹೇಳಿದ್ದರೆ ಸೊಪ್ಪಿನ ಮಂಕರಿ ತಲೆ ಮೇಲೆ ಬೀಳುತ್ತಿತ್ತು. ಮಾಲೂರು ತಮ್ಮಾ, ಪಂಚಾಯ್ತಿಗೆ 21ಕ್ಕೆ ನಿಲ್ಲಬಹುದಲ್ಲ, ಮೊದಲು ಅಲ್ಲಿ ನಿಂತು ನೋಡು. ನಾನು ಒಂದು ಸಲ ನಿಂತು ಸೋತಿದ್ದೇನೆ, ಖರ್ಚು ಎಷ್ಟು ಅಂತ ಬೇಕಾದರೆ ಬೇರೆಯಾಗಿ ಹೇಳುತ್ತೇನೆ.

ಚಿಂತಾಮಣಿ ಕಡೆಯವಳು:

ಎಲ್ಲರದ್ದೂ ಮನೆಯಲ್ಲಿ ಓದಿದೆ. ತಾತನಿಗೆ ಇಷ್ಟವಾಗಿದ್ದು ಎರಡು ರೂಪಾಯಿ ಏಜೆಂಟಿನ ಕಥೆ ಮಾತ್ರ. ತಮ್ಮನಿಗೆ ಗ್ಲಾಸ್ಗೋ ಹುಡುಗನ ಮೇಲೆ ಕನಿಕರ. ಅಪ್ಪ ಮೊದಲ ಸಲ ಬಾಯಿ ಬಿಟ್ಟರು: "ನಾನು ಯಾವತ್ತೂ ನಿಮಗೆ ಇಂಥವರಿಗೇ ಹಾಕಿ ಅಂತ ಹೇಳಿಲ್ಲ." ಅದು ನಿಜ. ಹೇಳಿಲ್ಲ. "ಆರು" ಅಂದರು ಅಷ್ಟೇ. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಅವರು ಬಂದಾಗ ನೀನೇ ಮಾತಾಡು" ಅಂದರು. ಕೋಪದಲ್ಲಿ ಹೇಳಿದರೋ ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ. ನಾನಂತೂ ನಿಜ ಅಂತಲೇ ಇಟ್ಟುಕೊಂಡಿದ್ದೇನೆ.

ಟೀಚರ್ ಮೇಡಂ, ಎರಡು ಅನುಮಾನ. ನಾನು ಬೆಂಗಳೂರಿನ ಪಿಜಿಯಲ್ಲಿ ಇದ್ದೇನೆ, ಹೆಸರು ಊರಲ್ಲಿದೆ. ಹಾಗೇ ಬಿಡಬಹುದಾ, ಇಲ್ಲಿಗೆ ಬದಲಾಯಿಸಲೇಬೇಕಾ? ಇನ್ನೊಂದು, ತಮ್ಮನ ಹುಟ್ಟಿದ ದಿನ ಅಕ್ಟೋಬರ್ 3. ಅವನು ಯಾವಾಗ ಅರ್ಜಿ ಹಾಕಬೇಕು?

ಶಿರಾ ಅಂಗನವಾಡಿ ಟೀಚರ್:

ಓದುವ ಮಕ್ಕಳಿಗೆ ಎರಡರಲ್ಲಿ ಒಂದು ಆರಿಸಿಕೊಳ್ಳಬಹುದಮ್ಮ, ತಂದೆ ತಾಯಿ ಇರೋ ಊರು ಅಥವಾ ಈಗ ಓದಿಗಾಗಿ ಇರೋ ಜಾಗ. ಊರಲ್ಲೇ ಇರಲಿ ಅಂದರೆ ಏನೂ ಮಾಡಬೇಡ. ಬೆಂಗಳೂರಿಗೆ ಬೇಕು ಅಂದರೆ ಫಾರಂ 8 ಹಾಕು, ಕಾಲೇಜಿನಿಂದ ಓದುತ್ತಿರುವ ಪ್ರಮಾಣಪತ್ರ ತಗೋ. ಎರಡು ಕಡೆ ಮಾತ್ರ ಇರಬಾರದು, ಅದು ಅಪರಾಧ. ನನ್ನ ಸಲಹೆ ಕೇಳಿದರೆ ಊರಲ್ಲೇ ಇರಲಿ. ಜಗಲಿ ಮೇಲೆ ಕಾಫಿ ಕುಡಿಯೋಕೆ ಬರೋರ ಹತ್ತಿರ ಮಾತಾಡಬೇಕಲ್ಲ.

ತಮ್ಮ ಅಕ್ಟೋಬರ್ 3 ಅಂದರೆ ಅಕ್ಟೋಬರ್ 1ರ ತಾರೀಕು ಎರಡು ದಿನದಲ್ಲಿ ತಪ್ಪಿತು. 18 ತುಂಬಿದ ಮೇಲೆ ಬರೋ ಜನವರಿ 1ರ ಲೆಕ್ಕಕ್ಕೆ ಬರುತ್ತಾನೆ. ಅರ್ಜಿಯನ್ನು 17 ತುಂಬಿದ ಮೇಲೆ ಯಾವಾಗ ಬೇಕಾದರೂ ಹಾಕಬಹುದು. ಚುನಾವಣಾ ಆಯೋಗದ ಆ್ಯಪಿನಲ್ಲೇ ಫಾರಂ 6 ಇದೆ. ಹೆಸರಿನ ಅಕ್ಷರ ಮಾರ್ಕ್ಸ್ ಕಾರ್ಡಿನಲ್ಲಿ ಇರೋ ಹಾಗೇ ಹಾಕಲಿ, ಆಮೇಲೆ ತಿದ್ದಿಸೋಕೆ ಓಡಾಡೋದು ತಪ್ಪುತ್ತೆ. ಅನುಮಾನ ಬಂದರೆ 1950ಕ್ಕೆ ಫೋನ್ ಮಾಡಲಿ. ನಿಮ್ಮ ಅಮ್ಮನ ಹೆಸರು ಈಗ ನಿಮ್ಮೂರ ಪಟ್ಟಿಯಲ್ಲಿ ಇದೆಯಾ ಅಂತಲೂ ಅದೇ ಆ್ಯಪಿನಲ್ಲಿ ಒಂದು ಸಲ ನೋಡಿಬಿಡು.

ಚಿಂತಾಮಣಿ ಕಡೆಯವಳು:

ನೋಡಿದೆ ಮೇಡಂ. ಇದೆ. ವಯಸ್ಸು ಮಾತ್ರ ನಾಲ್ಕು ವರ್ಷ ಕಮ್ಮಿ ಹಾಕಿದ್ದಾರೆ. ತಿದ್ದಿಸೋಣ ಅಂದರೆ ಅಮ್ಮ ಬೇಡ ಅಂತಿದ್ದಾರೆ.